ಎಂಜಿನ್ ನೋಡದ ಗಿರಾಕಿ

ಬಂದವನು ಬಾನೆಟ್ ಎತ್ತಿಸಿದ, ಬಗ್ಗಿದ, ಆದರೆ ಎಂಜಿನ್ ನೋಡಲಿಲ್ಲ. ಜಗದಾಂಬ ಅದನ್ನು ಗಮನಿಸಿದಳು.

ಎಂಜಿನ್ನಿನ ಹಿಂದೆ, ತಗಡಿಗೆ ಬಡಿದಿದ್ದ ಸಣ್ಣ ಹಿತ್ತಾಳೆ ಪಟ್ಟಿಯ ಮೇಲೆ ಅವನ ಕಣ್ಣು ನಿಂತಿತ್ತು. ಅದರಲ್ಲಿ ಕಾರ್ಖಾನೆಯವರು ಕಾರಿಗೆ ಕೊಟ್ಟ ನಂಬರು ಕೊರೆದಿತ್ತು. ಕರವಸ್ತ್ರ ತೆಗೆದು ಪಟ್ಟಿಯನ್ನು ಒರೆಸಿದ, ತುಟಿ ಅಲ್ಲಾಡಿಸುತ್ತ ಓದಿಕೊಂಡ, ಆಮೇಲೆ ನೆಟ್ಟಗೆ ನಿಂತು "ಭೇಷ್!" ಅಂದ.

ಅವಳ ಅಪ್ಪ ಪಂಚಾಕ್ಷರಪ್ಪನ ಮುಖ ಅರಳಿತು.

ಪಂಚಾಕ್ಷರಪ್ಪ ಮೊದಲು ಬಸ್ಸು ಓಡಿಸುತ್ತಿದ್ದವನು. ಬೆನ್ನು ನೋವು ಹಿಡಿದ ಮೇಲೆ ಶಿಕಾರಿಪುರದಲ್ಲಿ, ಮನೆಯ ಪಕ್ಕದಲ್ಲೇ ಒಂದು ತಗಡಿನ ಶೆಡ್ಡು ಹಾಕಿಕೊಂಡು ಗದ್ದೆಗೆ ನೀರೆತ್ತುವ ಆಯಿಲ್ ಎಂಜಿನ್ನುಗಳನ್ನು ರಿಪೇರಿ ಮಾಡುತ್ತಿದ್ದ. ಕಿವಿಯಿಟ್ಟು ಕೇಳಿದರೆ ಸಾಕು, ಎಂಜಿನ್ನಿನ ಯಾವ ಮೂಲೆಯಲ್ಲಿ ಏನು ತೊಂದರೆ ಎಂದು ಹೇಳಬಲ್ಲ. ಮನುಷ್ಯರ ಮಾತಿನಲ್ಲಿ ಮಾತ್ರ ಅವನಿಗೆ ಅಂಥ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಯಾರು ಏನು ಹೇಳಿದರೂ ನಂಬುತ್ತಿದ್ದ. ಮಗಳು ಅದಕ್ಕೆ ತದ್ವಿರುದ್ಧ. ಜಗದಾಂಬಳಿಗೆ ಆಗ ಇಪ್ಪತ್ತು ವರ್ಷ. ಹೈಸ್ಕೂಲು ಮುಗಿಸಿ, ಟೀಚರ್ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಳು. ತರಕಾರಿಯವಳು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೂ ಯಾಕೆ ಹಾಕಿದಳೆಂದು ಯೋಚಿಸುವ ಹುಡುಗಿ.

ಕಾರು ಬಂದದ್ದು ಸೊರಬ ತಾಲ್ಲೂಕಿನ ಉಳವಿಯಿಂದ. ಅಲ್ಲಿನ ಜಮೀನುದಾರ ಹನುಮಂತಪ್ಪ ಯುದ್ಧಕ್ಕೆ ಮುಂಚೆ ಯಾರೋ ಕಾಫಿ ತೋಟದ ದೊರೆಯಿಂದ ಅದನ್ನು ಕೊಂಡಿದ್ದ. ಎಂ.ಜಿ. ಕಾರು, ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಸೈಕಲ್ಲಿನಂತೆ ಕಡ್ಡಿ ಚಕ್ರ. ಎರಡು ವರ್ಷ ಓಡಿಸಿ ಒಂದು ದಿನ ಚರಂಡಿಗೆ ಇಳಿಸಿದ. ಅಂದಿನಿಂದ ಅದು ಹುಲ್ಲಿನ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಹನುಮಂತಪ್ಪ ತೀರಿಕೊಂಡ ಮೇಲೆ, ಪಂಪು ರಿಪೇರಿಗೆ ಹೋಗಿದ್ದ ಪಂಚಾಕ್ಷರಪ್ಪನಿಗೆ ಜಮೀನುದಾರನ ಹೆಂಡತಿ ವರದಮ್ಮ ಹೇಳಿದ್ದಳು: "ಆ ಸೊಟ್ಟ ಗಾಡಿ ತಗೊಂಡು ಹೋಗಿ ಮಾರಾಯ್ರೆ. ಕೋಳಿ ಮೊಟ್ಟೆ ಇಡೋದು ಬಿಟ್ರೆ ಯಾವುದಕ್ಕೂ ಬರೋದಿಲ್ಲ ಅದು."

"ಪುಕ್ಕಟೆ ಯಾಕೆ ಕೊಡ್ತಾಳೆ?" ಎಂದು ಜಗದಾಂಬ ಆಗಲೇ ಕೇಳಿದ್ದಳು. ತಾನೇ ಬಸ್ಸು ಹಿಡಿದು ಉಳವಿಗೆ ಹೋಗಿ, ವರದಮ್ಮನಿಂದ ಕಾಗದಕ್ಕೆ ರುಜು ಹಾಕಿಸಿ, ಶಿವಮೊಗ್ಗಕ್ಕೆ ಅರ್ಜಿ ಕಳಿಸಿ, ರಿಜಿಸ್ಟ್ರೇಷನ್ ಪುಸ್ತಕವನ್ನು ಅಪ್ಪನ ಹೆಸರಿಗೆ ಮಾಡಿಸಿಕೊಂಡಳು. ಆಮೇಲೆಯೇ ಕಾರಿಗೆ ಕೈ ಹಚ್ಚಲು ಬಿಟ್ಟಿದ್ದು.

ಆರು ತಿಂಗಳು ಇಬ್ಬರೂ ಅದರ ಮೇಲೆ ಬಿದ್ದರು. ಸೀಟಿನ ಕೆಳಗೆ ಆ ಕಾರಿನ ರಿಪೇರಿ ಹೇಳುವ, ಇಲಿ ಕಡಿದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಜಗದಾಂಬ ಅದನ್ನು ಓದಿ ಹೇಳುವಳು, ಅಪ್ಪ ಬಿಚ್ಚುವನು. ಪುಟ ಹರಿದ ಕಡೆ ಅಪ್ಪ ತನ್ನ ತಲೆ ಓಡಿಸುವನು. ಬಾಡಿಯ ಒಳಗಿನ ಮರದ ಚೌಕಟ್ಟು ಲಡ್ಡಾಗಿತ್ತು. ಹೊನ್ನೆ ಮರದಲ್ಲಿ ಹೊಸದು ಮಾಡಿಸಿದರು. ಕ್ಲಚ್ ತಟ್ಟೆಯಲ್ಲಿ ಬೂಚಿನ ಬಿಲ್ಲೆಗಳಿದ್ದವು, ಎಲ್ಲ ಪುಡಿಯಾಗಿದ್ದವು. ಜಗದಾಂಬ ಆಸ್ಪತ್ರೆಯ ಕಾಂಪೌಂಡರನ್ನು ಕೇಳಿ ಔಷಧಿ ಬಾಟಲಿಗಳ ಬೂಚುಗಳನ್ನು ಚೀಲದ ತುಂಬ ತಂದಳು. ಒಂದೊಂದನ್ನೂ ಬ್ಲೇಡಿನಲ್ಲಿ ಕೊಯ್ದು, ಎಣ್ಣೆಯಲ್ಲಿ ನೆನೆಸಿ, ಕೂಡಿಸಿದರು. ಎಂಜಿನ್ ಮೊದಲ ಸಲ ಹತ್ತಿದ ದಿನ ತಾಯಿ ಲೋಕಮ್ಮ ಒಲೆಯ ಮೇಲಿನ ಹಾಲು ಬಿಟ್ಟು ಹೊರಗೆ ಓಡಿಬಂದಿದ್ದಳು.

ಟೈರು ಮಾತ್ರ ಸಿಕ್ಕಲಿಲ್ಲ. ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಯೊಂದಕ್ಕೆ ಜಗದಾಂಬ ಪತ್ರ ಬರೆದಳು. ಕಾರಿನ ಜಾತಿ, ಇಸವಿ, ನಂಬರು ಎಲ್ಲ ಕಾಣಿಸಿದ್ದಳು. ಉತ್ತರ ಬರಲಿಲ್ಲ. ಅದರ ಬದಲು ಹತ್ತು ದಿನಕ್ಕೆ ಈ ಮನುಷ್ಯ ಬಂದ. ಹೆಸರು ಉಚ್ಚಂಗಪ್ಪ ಎಂದ. ದಾವಣಗೆರೆ ಕಡೆಯವನು, ಹಳೇ ಕಾರು ಕೊಳ್ಳುವ ಹವ್ಯಾಸ ಎಂದ.

"ಸ್ಟಾರ್ಟ್ ಮಾಡಿ ತೋರಿಸ್ತೀನಿ ರೀ," ಎಂದು ಪಂಚಾಕ್ಷರಪ್ಪ ಹುರುಪಿನಿಂದ ಹ್ಯಾಂಡಲ್ ತಿರುಗಿಸಿದ. ಎಂಜಿನ್ ಒಂದೇ ಏಟಿಗೆ ಹತ್ತಿತು. ಉಚ್ಚಂಗಪ್ಪ ಅದರ ಸದ್ದಿನ ಮೇಲೆಯೇ ಜೋರಾಗಿ ಮಾತಾಡಿದ. "ನಿಮ್ಮ ಕೈಯಾಗೆ ಮಾಯಾ ಐತಿ ಬಿಡ್ರಿ ಯಜಮಾನ್ರೆ! ರಿಜಿಸ್ಟ್ರೇಷನ್ ಪುಸ್ತಕ ಐತಲ್ಲ?"

"ಐತೆ, ಪೆಟ್ಟಿಗೆಲೈತೆ."

"ಹಂಗಾದ್ರ ಆಯ್ತು. ನೀವು ಹೇಳಿದ್ದೇ ರೇಟು. ಮುಂದಿನ ಶುಕ್ರವಾರ ಬರ್ತೀನಿ. ಪುಸ್ತಕ ಅವತ್ತೇ ಕೊಟ್ಟುಬಿಡ್ರಿ, ಗಾಡಿ ಆಮೇಲೆ ಯಾವಾಗರ ಲಾರಿ ಮ್ಯಾಲೆ ಹಾಕ್ಕೊಂಡು ಹೋಗೂಣು."

"ಟೈರ್ ಇಲ್ಲ," ಎಂದಳು ಜಗದಾಂಬ.

"ಟೈರ್ ಯಾಕ ಬೇಕವ್ವ?" ಎಂದು ಅವನು ನಕ್ಕ.

ಅವನು ಹೋದ ಮೇಲೆ ಅಪ್ಪ ಮಗಳಿಗೆ ಮಾತಿಗೆ ಮಾತು ಬೆಳೆಯಿತು. ಆ ದುಡ್ಡಿನಲ್ಲಿ ಒಂದು ಲೇತ್ ಮೆಷಿನ್ ತರಬಹುದೆಂದು ಪಂಚಾಕ್ಷರಪ್ಪ ಆಗಲೇ ಶೆಡ್ಡಿನಲ್ಲಿ ಜಾಗ ಅಳೆಯುತ್ತಿದ್ದ.

"ಅಪ್ಪಾ, ಅವನು ಚೌಕಾಸಿ ಮಾಡ್ಲಿಲ್ಲ."

"ಕೆಲಸ ನೋಡಿದ, ಒಪ್ಪಿದ. ಚೌಕಾಸಿ ಯಾಕೆ ಮಾಡ್ಬೇಕು?"

"ಎಂಜಿನ್ ನೋಡೇ ಇಲ್ಲ ಅವನು. ನಾವು ಕಾರು ಮಾರ್ತೀವಿ ಅಂತ ಯಾರಿಗೂ ಹೇಳಿಲ್ಲ. ಹೆಂಗೆ ಗೊತ್ತಾತು?"

"ಎಲ್ಲಾರ ಮ್ಯಾಲೂ ಅನುಮಾನ ನಿಂಗೆ. ಪಾಪ ಆ ವರದಮ್ಮನ ಮ್ಯಾಲೂ ಪಟ್ಟೆ. ಏನಾತು ಆಗ?"

ತಾನೇ ತಪ್ಪಿರಬಹುದು ಎಂದು ಜಗದಾಂಬಳಿಗೂ ಅನಿಸಿತು. ಆದರೆ ಗುರುವಾರ ಅಮ್ಮ ಸಂತೆಗೆ ಹೋದಾಗ ಪೆಟ್ಟಿಗೆ ತೆರೆದು ಪುಸ್ತಕವನ್ನು ತೆಗೆದು ಅಕ್ಕಿ ಡಬ್ಬಿಯ ತಳದಲ್ಲಿಟ್ಟಳು.

ಶುಕ್ರವಾರ ಉಚ್ಚಂಗಪ್ಪ ಒಬ್ಬನೇ ಬಂದ. ಲಾರಿ ತಂದಿರಲಿಲ್ಲ. ಲೋಕಮ್ಮ ಕಾಫಿ ಕೊಟ್ಟಳು. ಪಂಚಾಕ್ಷರಪ್ಪ ಬಾಯಿ ತೆರೆಯುವ ಮೊದಲೇ ಜಗದಾಂಬ ಹೇಳಿದಳು:

"ಒಂದು ವಿಷಯ ಹೇಳಬೇಕಿತ್ತು ರೀ. ನಿನ್ನೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಬ್ಲಾಕ್ ಬಿರುಕು ಬಿಟ್ಟೈತೆ. ಇನ್ನು ಅದು ಓಡೋದಿಲ್ಲ."

ಪಂಚಾಕ್ಷರಪ್ಪ ದಂಗಾಗಿ ಮಗಳ ಕಡೆ ತಿರುಗಿದ.

"ಇರಲಿ ಬಿಡವ್ವ, ಹಳೇ ಗಾಡಿ ಅಂದ್ಮ್ಯಾಲೆ ಅದೆಲ್ಲಾ ಇರೂದೇ," ಎಂದು ಉಚ್ಚಂಗಪ್ಪ ಕಾಫಿ ಗುಟುಕರಿಸಿದ. ಮುಖದ ಒಂದು ಗೆರೆಯೂ ಬದಲಾಗಲಿಲ್ಲ.

"ಪುಸ್ತಕಕ್ಕೂ ಗೆದ್ದಲು ಹಿಡಿದೈತೆ. ನಂಬರಿರೋ ಹಾಳೆ ಪೂರಾ ಹೋಗೈತೆ."

ಲೋಟ ಅವನ ತುಟಿಯ ಹತ್ತಿರವೇ ನಿಂತಿತು. "ಪೂರಾ?"

"ಪೂರಾ."

ಅವನು ಪಂಚಾಕ್ಷರಪ್ಪನ ಮುಖ ನೋಡಿದ. ಪಂಚಾಕ್ಷರಪ್ಪ ನೆಲ ನೋಡುತ್ತಿದ್ದ. ಉಚ್ಚಂಗಪ್ಪ ಕಾಫಿಯನ್ನು ಅರ್ಧಕ್ಕೇ ಇಟ್ಟು, ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಏನೋ ಗೀಚಿದ. ದುಡ್ಡು ಹೊಂದಿಸಬೇಕು, ಆಮೇಲೆ ಕಾಗದ ಹಾಕುತ್ತೇನೆ ಎಂದು ಎದ್ದುಹೋದ. ಶೆಡ್ಡಿನ ಪಕ್ಕದಲ್ಲೇ ಹಾದುಹೋದರೂ ಕಾರಿನ ಕಡೆ ಕತ್ತು ತಿರುಗಿಸಲಿಲ್ಲ.

"ನೋಡಿದೆಯಾ ಅಪ್ಪಾ?" ಎಂದಳು ಜಗದಾಂಬ ಗೆದ್ದ ದನಿಯಲ್ಲಿ. "ಕಾರು ಬೇಕಾಗಿರಲಿಲ್ಲ ಅವನಿಗೆ. ಕಾಗದ ಬೇಕಾಗಿತ್ತು."

ಪಂಚಾಕ್ಷರಪ್ಪ ಶೆಡ್ಡಿಗೆ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. "ಆರು ತಿಂಗಳು ಮಾಡಿದ್ದು," ಎಂದ ಕೊನೆಗೆ. "ಒಬ್ಬ ನೋಡಿ ಭೇಷ್ ಅಂದ ಅಂದ್ಕೊಂಡಿದ್ದೆ." ಜಗದಾಂಬಳಿಗೆ ಗೆದ್ದ ಸಂತೋಷ ಅಲ್ಲಿಗೇ ಇಳಿಯಿತು. ಆ ದಿನ ಊಟಕ್ಕೆ ಕರೆದರೂ ಅಪ್ಪ ಬರಲಿಲ್ಲ.

ಟೈರುಗಳು ಕೊನೆಗೆ ಬೆಂಗಳೂರಿನಿಂದ ಬಂದವು. ಅವನ್ನು ಹಾಕಿದ ಮರುವಾರವೇ ಶಿವಮೊಗ್ಗದಿಂದ ಒಬ್ಬ ಸಬ್ ಇನ್‌ಸ್ಪೆಕ್ಟರು, ಇಬ್ಬರು ಪೇದೆಗಳು ಜೀಪಿನಲ್ಲಿ ಬಂದಿಳಿದರು. ಬೀದಿಯ ಜನ ಶೆಡ್ಡಿನ ಮುಂದೆ ನೆರೆದರು. ಆಗಿನ್ನೂ ಪರದೇಶದವರ ಆಳ್ವಿಕೆಯಲ್ಲಿದ್ದ ಗೋವಾ ಕಡೆಯಿಂದ ಪರವಾನಗಿಯಿಲ್ಲದೆ ಗಡಿ ದಾಟಿಸಿದ ಕಾರುಗಳಿಗೆ ಇಲ್ಲಿನ ಹಳೇ ಕಾರುಗಳ ನಂಬರು, ಪುಸ್ತಕ ಹಚ್ಚಿ ಮಾರುತ್ತಿದ್ದ ಗುಂಪೊಂದು ಸಿಕ್ಕಿಬಿದ್ದಿತ್ತು. ಅದರಲ್ಲಿ ಉಚ್ಚಂಗಪ್ಪ ಎಂಬ ದಲ್ಲಾಳಿಯೂ ಇದ್ದ. ಅವನ ಜೇಬಿನ ಪುಸ್ತಕದಲ್ಲಿ ಐದು ನಂಬರುಗಳಿದ್ದವು. ಒಂದು ಪಂಚಾಕ್ಷರಪ್ಪನದು.

"ಅವನಿಗೂ ನಿಮಗೂ ಏನು ವ್ಯವಹಾರ?" ಎಂದರು ಇನ್‌ಸ್ಪೆಕ್ಟರು. "ನಿಮ್ಮ ನಂಬರಿನ ಮುಂದೆ 'ಪುಸ್ತಕ ಗೆದ್ದಲು' ಅಂತ ಬರೆದು ಹೊಡೆದು ಹಾಕಿದಾನೆ. ಪುಸ್ತಕ ಯಾರಿಗೆ ಕೊಟ್ಟಿರಿ? ನಿಜ ಹೇಳಿ."

ಜಗದಾಂಬ ಒಳಗೆ ಹೋಗಿ ಅಕ್ಕಿ ಡಬ್ಬಿಗೆ ಕೈ ಹಾಕಿ ಪುಸ್ತಕ ತಂದಳು. ಹಾಳೆಗಳ ನಡುವಿನಿಂದ ನಾಲ್ಕು ಅಕ್ಕಿಕಾಳು ಉದುರಿದವು. ಗೆದ್ದಲಿನ ಕಥೆ ತಾನು ಕಟ್ಟಿದ್ದು, ಯಾಕೆ ಕಟ್ಟಿದೆ ಎಂಬುದನ್ನು ಒಂದೂ ಬಿಡದೆ ಹೇಳಿದಳು. ಇನ್‌ಸ್ಪೆಕ್ಟರು ಪುಸ್ತಕವನ್ನೂ ಅವಳನ್ನೂ ಎರಡೆರಡು ಸಲ ನೋಡಿದರು. "ಹಿಂಗೆ ಸುಳ್ಳು ಹೇಳೋರ ಮಾತು ನಂಬೋದು ಕಷ್ಟ. ಸೋಮವಾರ ಕಾರು, ಪುಸ್ತಕ ಎರಡೂ ಶಿವಮೊಗ್ಗಕ್ಕೆ ತನ್ನಿ. ತಾಳೆ ನೋಡ್ತೀವಿ."

ಹೀಗೆ ಕಾರಿನ ಮೊದಲ ದೊಡ್ಡ ಪಯಣ ಪೊಲೀಸರ ಅಪ್ಪಣೆಯ ಮೇಲೆ ಆಯಿತು. ಶಿವಮೊಗ್ಗದಲ್ಲಿ ಅಧಿಕಾರಿಯೊಬ್ಬರು ಭೂತಗನ್ನಡಿ ಹಿಡಿದು ಪಟ್ಟಿಯನ್ನೂ ಎಂಜಿನ್ನಿನ ನಂಬರನ್ನೂ ಪುಸ್ತಕಕ್ಕೆ ತಾಳೆ ನೋಡಿದರು. ಎಲ್ಲ ಸರಿಯಿತ್ತು. ಪುಸ್ತಕಕ್ಕೆ ಮೊಹರು ಒತ್ತಿ ವಾಪಸು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅವರಿಬ್ಬರ ಮೇಲೆ ಯಾರಿಗೂ ಯಾವ ಸಂಶಯವೂ ಉಳಿದಿರಲಿಲ್ಲ.

ವಾಪಸು ಬರುವಾಗ ಅಂಜನಾಪುರದ ನಾಲೆಯ ಹತ್ತಿರ ರೇಡಿಯೇಟರ್ ಕುದಿಯಿತು. ಗದ್ದೆಯಲ್ಲಿದ್ದ ಮುದುಕನೊಬ್ಬ ಕೇಳದೆಯೇ ಕೊಡದಲ್ಲಿ ನೀರು ತಂದ. ಸಣ್ಣಬೀರಪ್ಪ ಅಂತ ಹೆಸರು. ನೀರು ಹೊಯ್ಯುತ್ತ ಅವನು ಹಿತ್ತಾಳೆ ಪಟ್ಟಿಯ ಕಡೆ ಬಗ್ಗಿದ.

"ಯಾವ ಇಸವಿದು ಇದು?"

ಪಂಚಾಕ್ಷರಪ್ಪ ದಡಕ್ಕನೆ ಬಾನೆಟ್ ಮುಚ್ಚಿದ. "ನಿಂಗ್ಯಾಕೆ ಅದೆಲ್ಲ? ಯಾವೂರು ನಿಂದು? ಯಾರು ಕಳಿಸಿದ್ರು?"

ಮುದುಕ ಪೆಚ್ಚಾದ. "ಯಾರು ಕಳಿಸ್ತಾರಪ್ಪ... ಚೆಂದ ಐತಲ್ಲ ಅಂತ ಕೇಳ್ದೆ," ಎಂದು ಕೊಡ ಎತ್ತಿಕೊಂಡ.

ಜಗದಾಂಬ ಅಪ್ಪನನ್ನು ನೋಡಿದಳು. ಇಷ್ಟು ವರ್ಷದಲ್ಲಿ ಆ ಬಾಯಿಂದ ಅಂಥ ಮಾತು ಬಂದದ್ದನ್ನು ಅವಳು ಕೇಳಿರಲಿಲ್ಲ. ಅದು ತನ್ನದೇ ಮಾತು, ತನ್ನದೇ ದನಿ ಎನಿಸಿತು. ಅವಳು ಕಾರಿನಿಂದ ಇಳಿದು ಬಾಗಿಲು ತೆರೆದು ಹಿಡಿದಳು.

"ಅಜ್ಜಾ, ಬಾ ಹತ್ತು. ಅಪ್ಪ ಒಂದು ಸುತ್ತು ಹೊಡಿಸ್ತಾನೆ."

"ನೀನು?" ಎಂದ ಪಂಚಾಕ್ಷರಪ್ಪ.

"ಇರೋದು ಎರಡೇ ಸೀಟಲ್ಲ. ನಾನು ಇಲ್ಲೇ ಇರ್ತೀನಿ, ಹೋಗಿ ಬಾ."

ಪಂಚಾಕ್ಷರಪ್ಪ ಅನುಮಾನಿಸುತ್ತಲೇ ಗೇರ್ ಹಾಕಿದ. ಕಾರು ಏರಿಯ ದಾರಿಯಲ್ಲಿ ಮಣ್ಣೆಬ್ಬಿಸುತ್ತ ಹೋಗಿ ತಿರುವಿನಲ್ಲಿ ಮರೆಯಾಯಿತು. ಜಗದಾಂಬ ನಾಲೆಯ ಕಟ್ಟೆಯ ಮೇಲೆ ಕೊಡದ ಪಕ್ಕದಲ್ಲಿ ಕುಳಿತಳು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಅಪ್ಪ ಯಾರೋ ಗುರುತಿಲ್ಲದವನ ಜೊತೆ, ಪುಸ್ತಕವೂ ಕಾರಿನಲ್ಲೇ. ಅವಳು ಎದ್ದು ದಾರಿಯುದ್ದ ಕಣ್ಣು ಹಾಯಿಸಿದಳು, ಮತ್ತೆ ಕುಳಿತಳು, ಮತ್ತೆ ಎದ್ದಳು.

ಮುಕ್ಕಾಲು ಗಂಟೆಯ ಮೇಲೆ ಕಾರು ಬಂತು. ಸಣ್ಣಬೀರಪ್ಪ ರುಮಾಲು ಹಾರದಂತೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಪಂಚಾಕ್ಷರಪ್ಪನ ಮೀಸೆಗೆ ಮಜ್ಜಿಗೆ ಹತ್ತಿತ್ತು.

"ಇವನ ಮಗಳ ಮನೆ ಅಲ್ಲೇ ಐತಂತೆ ಕಣವ್ವ," ಎಂದ ಅವನು. "ಕುಡಿದೇ ಹೋಗ್ಬೇಕು ಅಂತ ಬಿಡಲೇ ಇಲ್ಲ. ಆಮ್ಯಾಲೆ ಕೇರಿಯೋರೆಲ್ಲ ಬಂದ್ರು. ಬಾನೆಟ್ ಎತ್ತು ಅಂದ್ರು, ಎತ್ತಿದೆ. ಎಲ್ಲಾರೂ ಬಗ್ಗಿ ಎಂಜಿನ್ ನೋಡಿದ್ರು."