ಕೆಂಪು ಗೆರೆ ದಾಟಿದ ಮುಳ್ಳು

ಮಾತು ಆಡಿದರೆ ಹೋಯಿತು, ಹೆಡ್ಡು ಬಿರಿದರೆ ಹೋಯಿತು. ಗಾದೆಯಲ್ಲಿ ಹೆಡ್ಡಲ್ಲ, ಮುತ್ತು ಎಂದು ತಕರಾರು ತೆಗೆಯುವವರು ಸಿರಾದ ನಂದೀಶ್ವರಯ್ಯನವರನ್ನು ಒಂದು ಮಾತು ಕೇಳಲಿ. ಇದು ಎಪ್ಪತ್ತೆಂಟರ ಬೇಸಿಗೆಯಲ್ಲಿ ಹಾಡಹಗಲೇ ನಡೆದದ್ದು. ಉಪ್ಪುಖಾರ ನನ್ನದು, ಉಳಿದದ್ದೆಲ್ಲ ನಿಜ.

ಡ್ರಾಯಿಂಗ್ ಮೇಷ್ಟರಾಗಿ ನಿವೃತ್ತರಾದ ನಂದೀಶ್ವರಯ್ಯ ಹರಾಜಿನಲ್ಲಿ ಒಂದು ಹಳೆಯ ಆಸ್ಪತ್ರೆ ವ್ಯಾನು ಹಿಡಿದಿದ್ದರು. ಮೂರು ವರ್ಷ ಅದರ ತುಕ್ಕು ಉಜ್ಜಿ, ಒಳಗೆ ಎರಡು ಮಂಚ, ಒಂದು ಸ್ಟೌವು, ನೀರಿನ ಹಂಡೆ ಕೂರಿಸಿ, ಚಕ್ರದ ಮೇಲೊಂದು ಮನೆ ಮಾಡಿದರು. ಇಂಜಿನ್ನಿನ ನೆತ್ತಿಯ ಮುಚ್ಚಳವಾದ ಹೆಡ್ಡು ಹಿಂದೊಮ್ಮೆ ಕಾದು ಬಿರುಕು ಬಿಟ್ಟಿತ್ತು. ಬೆಸುಗೆ ಹಾಕಿಕೊಟ್ಟ ಮೆಕ್ಯಾನಿಕ್ಕು ಇಂಜಿನ್ನಿನ ಕಾವು ತೋರಿಸುವ ಮೀಟರಿನತ್ತ ಬೆರಳು ತೋರಿಸಿ ಹೇಳಿದ್ದ: “ಮೇಷ್ಟ್ರೇ, ಈ ಮುಳ್ಳು ಕೆಂಪು ಗೆರೆ ದಾಟಬಾರ್ದು. ಇನ್ನೊಂದ್ಸಲ ಬಿರೀತು ಅಂದ್ರೆ ಖತಂ. ಗಾಡಿ ಗುಜರಿಗೇ.”

ಮೊದಲ ಪ್ರಯಾಣ ಪಾವಗಡಕ್ಕೆ, ಹೆಂಡತಿ ಚನ್ನಮಲ್ಲಮ್ಮನ ತವರಿಗೆ. ಮಧುಗಿರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಆಕೆಯ ತಮ್ಮ ರುದ್ರಯ್ಯ ಹತ್ತಿ ಮುಂದಿನ ಎಡಸೀಟಿನಲ್ಲಿ ಕೂತ. ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವವನು. ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಬಸ್ಸಿನ ಹಾರನ್ನಿನವರೆಗೆ ಯಾವ ಸದ್ದನ್ನಾದರೂ ಬಾಯಲ್ಲಿ ತರುತ್ತಿದ್ದ. ಭಾವನ ಕಣ್ಣಿಗೆ ಎದುರಿಗೆ ಬಂದ ಎಮ್ಮೆ ಕಾಣುವುದಿಲ್ಲ, ಮುಳ್ಳು ಕೂದಲೆಳೆ ಸರಿದರೆ ಕಾಣುತ್ತದೆ ಎಂದು ದಾರಿಯುದ್ದಕ್ಕೂ ಛೇಡಿಸುತ್ತಿದ್ದ.

ಮಿಡಿಗೇಶಿ ದಾಟಿ ಎರಡು ಮೈಲಿ ಹೋಗಿರಬೇಕು. ಮುಳ್ಳು ಎದ್ದಿತು, ಗೆರೆ ದಾಟಿತು, ಕೊನೆಗೆ ಹೋಗಿ ನಿಂತುಬಿಟ್ಟಿತು.

ನಂದೀಶ್ವರಯ್ಯ ಬ್ರೇಕು ಒತ್ತಿದರು. ಗಾಡಿ ಪಕ್ಕಕ್ಕೆಳೆದು ಇಂಜಿನ್ ಆರಿಸಿದರು. ಮರವಿಲ್ಲದ ರಸ್ತೆ, ಸುತ್ತ ಬರೀ ಬಂಡೆ. ಆ ಮೌನದಲ್ಲಿ ಎಲ್ಲಿಂದಲೋ “ಸುಯ್ಯ್” ಎಂದು ಹಬೆ ನುಗ್ಗುವ ಸದ್ದು. ಮೂರು ವರ್ಷದ ಕೆಲಸವನ್ನು ಗುಜರಿಯವನು ತುಂಡು ತುಂಡಾಗಿ ಕೊಯ್ಯುತ್ತಿರುವುದು ಅವರ ಕಣ್ಣಿಗೆ ಕಟ್ಟಿತು. ಚನ್ನಮಲ್ಲಮ್ಮ ಮಂಚದಿಂದ ಧುಮುಕಿ, “ದೂರ ಬನ್ರೀ, ಗಾಡಿ ಹೋದ್ರೆ ಹೋಗ್ಲಿ” ಎಂದು ಅಂಗಲಾಚಿದರು.

ನಂದೀಶ್ವರಯ್ಯ ಬಾನೆಟ್ ಎತ್ತಿ ನೀರಿನ ರಬ್ಬರ್ ಕೊಳವೆ ಮುಟ್ಟಿದರು. ಕೈ ತಡೆಯುವಷ್ಟೇ ಬಿಸಿ. ಹೆದರಿಕೆಗೆ ಕೈ ಮರಗಟ್ಟಿದೆ ಎಂದುಕೊಂಡರೇ ಹೊರತು ಮುಳ್ಳಿನ ಮೇಲೆ ಅನುಮಾನ ಬರಲಿಲ್ಲ. ಗೋಣಿತಾಟು ಹೊದಿಸಿ, ಮುಖ ಆಚೆ ತಿರುಗಿಸಿ, ರೇಡಿಯೇಟರಿನ ಮುಚ್ಚಳವನ್ನು ಅಷ್ಟಷ್ಟೇ ತಿರುವಿದರು. ಮತ್ತೆ “ಸುಯ್ಯ್”. ಎಗರಿ ಚರಂಡಿಗೆ ಬಿದ್ದರು. ಎದ್ದು ಬಂದು ನೋಡಿದರೆ ನೀರು ಗಡಿಗೆಯಲ್ಲಿದ್ದಷ್ಟು ಶಾಂತ, ಒಂದು ಗುಳ್ಳೆಯಿಲ್ಲ.

ಭಯ ಇಮ್ಮಡಿಸಿತು. ಹೆಡ್ಡು ಆಗಲೇ ಬಿರಿದು ನೀರು ಆಯಿಲಿಗೆ ಇಳಿದಿದೆಯೋ? ಅಳತೆಕಡ್ಡಿ ಎಳೆದರು. ಆಯಿಲು ಶುದ್ಧವಾಗಿತ್ತು. ಕೊನೆಗೆ, ಮೀಟರಿಗೆ ಹೋಗುವ ತಂತಿಯನ್ನು ಇಂಜಿನ್ನಿನಿಂದ ಕಿತ್ತು, ಕೀ ತಿರುಗಿಸಿ ನೋಡಲು ಹೆಂಡತಿಗೆ ಹೇಳಿದರು. ತಂತಿ ಕಿತ್ತರೆ ಮುಳ್ಳು ತಣ್ಣಗೆ ಮಲಗಬೇಕು.

“ಕೆಂಪಲ್ಲೇ ಐತೆ ಕಣ್ರೀ.”

ಹಾಗಾದರೆ ತಂತಿ ನಡುವೆ ಎಲ್ಲೋ ಸುಲಿದು ಗಾಡಿಯ ಕಬ್ಬಿಣಕ್ಕೆ ತಾಗಿದೆ. ಬೆರಳಿನಲ್ಲಿ ಅದರ ಜಾಡು ಹಿಡಿದು ಒಳಗೆ ಬಂದರು. ತಂತಿ ಎಡಸೀಟಿನ ಮುಂದಿನ ಮ್ಯಾಟಿನಡಿ ನುಗ್ಗಿತ್ತು. ಮ್ಯಾಟಿನ ಮೇಲೆ ರುದ್ರಯ್ಯನ ಪಾದ.

“ಕಾಲೆತ್ತು.”

“ಜೋಮು ಹಿಡದೈತೆ ಭಾವ.”

ಅವರೇ ಎತ್ತಿಟ್ಟು ಮ್ಯಾಟು ಸರಿಸಿದರು. ಸುಲಿದ ತಂತಿ, ಅದಕ್ಕೂ ನೆಲದ ತಗಡಿಗೂ ಸೇತುವೆಯಾಗಿ ಒಂದು ಚಮಚ. ಚಮಚ ಎತ್ತಿದ್ದೇ ಮುಳ್ಳು ದೊಪ್ಪನೆ ಬಿತ್ತು.

ನಂದೀಶ್ವರಯ್ಯನವರ ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಇತ್ತು. ರುದ್ರಯ್ಯನ ಮುಖ ಬಿಳಿಚಿತು.

“ಹಂಗಾದ್ರೆ ಹೆಡ್ಡು?” ಎಂದರು ಮೇಷ್ಟ್ರು.

“ಅದಕ್ಕೇನಾಗೈತೆ ಭಾವ, ಗುಂಡ್ಕಲ್ಲಂಗೈತೆ.”

“ಆ ಹಬೆ ಸದ್ದು?”

ರುದ್ರಯ್ಯ ತುಟಿ ಚೂಪು ಮಾಡಿ ಮೆಲ್ಲಗೆ “ಸುಯ್ಯ್” ಎಂದ.

ಚನ್ನಮಲ್ಲಮ್ಮ ತಮ್ಮನಿಗೆ ಬಯ್ಯಲು ಬಾಯಿ ತೆರೆದು ನಕ್ಕುಬಿಟ್ಟರು. ಅವನೂ ಅಂಜುತ್ತಲೇ ನಕ್ಕ. ಅಷ್ಟರಲ್ಲಿ ನಂದೀಶ್ವರಯ್ಯ ಶುರುಮಾಡಿದ್ದರು. ಸ್ಪ್ಯಾನರ್ ಕೆಳಗೆ ಬಿತ್ತು. ಚಕ್ರಕ್ಕೊರಗಿ ನೆಲಕ್ಕೆ ಕುಸಿದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಅವರು ನಕ್ಕ ನಗೆಗೆ ಅಕ್ಕ ತಮ್ಮ ಇಬ್ಬರೂ ನಗು ನಿಲ್ಲಿಸಿ ಮುಖ ಮುಖ ನೋಡಿಕೊಂಡರು.