ಕೈಪಿಡಿಯ ಚಿತ್ತಪ್ಪ

ಎಡಕ್ಕೆ ಎಂದು ಬರೆದಿತ್ತು. ದಾರಿ ಎಡಕ್ಕೇ ತಿರುಗಿತು. ಪರಮೇಶನಿಗೆ ನಿರಾಸೆಯಾಯಿತು.

ಬೆಳಿಗ್ಗೆಯಿಂದ ಒಂದೂ ತಪ್ಪು ಸಿಕ್ಕಿರಲಿಲ್ಲ. ಬಸ್ಸು ನಿಲ್ಲುವ ಜಾಗ, ಸೀಳಿದ ಗುಂಡುಕಲ್ಲು, ಕಮರದ ಮರ, ಮುಳ್ಳುಬೇಲಿಯ ಸಂದು, ಎಲ್ಲ ಅವನು ಬರೆದಲ್ಲೇ ಇದ್ದವು. ಕೋಡುಗಲ್ಲು ಗುಡ್ಡಕ್ಕೆ ಬರುವವರೆಲ್ಲ ಹಿಡಿದು ಬರುವ ಚಾರಣ ಕೈಪಿಡಿ ಅವನದು. ಹೊಸ ಮುದ್ರಣದ ತಿದ್ದುಪಡಿಗಳನ್ನು ಇವತ್ತು ಸಂಜೆಯೊಳಗೆ ಚಿತ್ರದುರ್ಗದ ಪ್ರಕಾಶಕರಿಗೆ ಹೇಳಬೇಕಿತ್ತು. ಹೊಸದುರ್ಗದ ಕಾಲೇಜಿನಲ್ಲಿ ಅವನು ಭೂಗೋಳ ಪಾಠ ಮಾಡುವಾಗ ಯಾರೂ ತಲೆ ಎತ್ತುವುದಿಲ್ಲ. ಇಲ್ಲಿ ಅವನ ಮಾತು ನಂಬಿ ಜನ ಕಾಲಿಡುತ್ತಾರೆ.

"ತಪ್ಪು ಸಿಗದಿದ್ರೆ ಏನ್ಮಾಡ್ತೀರಿ?" ಎಂದು ಹೊರಡುವಾಗ ಹೆಂಡತಿ ಅನುಪಮಾ ಕೇಳಿದ್ದಳು.

"ಸಿಗುತ್ತೆ."

"ಮನೇಲಿ ಹುಡುಕಿ ಸಾಕಾಯ್ತಾ?"

ಅವನು ಬೂಟಿನ ದಾರ ಬಿಗಿದುಕೊಂಡಿದ್ದ.

ಗುಡ್ಡದ ನಡುಮಟ್ಟದಲ್ಲಿ ತೆಂಗಿನ ಗರಿಯ ಚಪ್ಪರ ಕಂಡಿತು. ಅಲ್ಲಿಗೆ ತಲುಪುವ ಮೊದಲೇ ಅವನು ತನ್ನ ಸಾಲುಗಳನ್ನು ಮನಸ್ಸಿನಲ್ಲಿ ಓದಿಕೊಂಡ. ‘ಇಲ್ಲಿ ಬಿಳಿ ರುಮಾಲಿನ ಚಿತ್ತಪ್ಪ ಎಂಬ ಕುರಿಗಾಹಿ ಮಜ್ಜಿಗೆ ಕೊಡುತ್ತಾರೆ. ಮಿತಭಾಷಿ. ಮುಂದಿನ ನೆತ್ತಿಬಂಡೆಯನ್ನು ಅವರ ಹೆಜ್ಜೆ ನೋಡಿಕೊಂಡೇ ಹತ್ತಬೇಕು, ಅವರಿಲ್ಲದೆ ಹತ್ತಬಾರದು.’

ಬಿಳಿ ರುಮಾಲಿನವನು ಇದ್ದ. ಮಜ್ಜಿಗೆಯೂ ಇತ್ತು. ಆದರೆ ಅವನ ಬಾಯಿ ನಿಲ್ಲುತ್ತಿರಲಿಲ್ಲ.

"ಬರ್ರಿ ಸಾರ್, ಕುಂತ್ಕಳ್ರಿ. ಬಿಸ್ಲು ನೋಡ್ರಿ, ಹೆಂಚು ಕಾದಂಗೆ ಕಾಯ್ತೈತೆ. ಹೊಸದುರ್ಗದ ಬಸ್ಸಾ? ಡ್ರೈವರು ಯಾರು, ಆ ಕೆಮ್ಮೋನಾ? ನಾನು ಹಿರಿಯೂರಾಗೆ ಲಾರಿ ಕ್ಲೀನರ್ ಆಗಿದ್ದಾಗ..."

"ಲೇ!" ಒಲೆಯ ಹಿಂದಿನಿಂದ ಒಬ್ಬ ಹೆಂಗಸು ಗದರಿದಳು. "ಎಷ್ಟು ಸಲ ಹೇಳ್ಬೇಕು ನಿಂಗೆ? ಪುಸ್ತಕದಾಗೆ ಏನೈತೆ?"

ಅವನು ತುಟಿ ಬಿಗಿದುಕೊಂಡ. ಲೋಟ ಮುಂದಿಟ್ಟು, ದೂರದ ಗಾಳಿಗಿರಣಿಗಳ ಕಡೆ ನೋಡುತ್ತ ನಿಂತ. ಈಗ ಸಾಲಿಗೆ ಹೊಂದಿದ.

"ನಿಮ್ಮ ಹೆಸರು?"

"ಚಿತ್ತಪ್ಪ."

ಪರಮೇಶ ಆ ಮುಖವನ್ನು ದಿಟ್ಟಿಸಿದ. ವರ್ಷಗಳ ಹಿಂದೆ ಒಂದೇ ಒಂದು ದಿನ ಕಂಡ ಮನುಷ್ಯ. ಮೂಗು ಹೇಗಿತ್ತು, ಕಣ್ಣು ಹೇಗಿತ್ತು? ಎಷ್ಟು ತಡಕಿದರೂ ತಾನು ಬರೆದ ಸಾಲುಗಳೇ ಕೈಗೆ ಬಂದವು. ಬಿಳಿ ರುಮಾಲು. ಮಿತಭಾಷಿ. ನೆನಪು ಕೈಕೊಟ್ಟಾಗ ಲೆಕ್ಕ ಹಾಕಿದ: ಚಿತ್ತಪ್ಪ ಇಷ್ಟು ಹೊತ್ತಿಗೆ ಅರವತ್ತು ದಾಟಿರಬೇಕು. ಇವನಿಗೆ ನಲವತ್ತೂ ಆಗಿಲ್ಲ.

"ನಾನು ಕಾಲೇಜು ಮೇಷ್ಟ್ರು," ಎಂದ. "ಆ ಪುಸ್ತಕ ಬರೆದವನು ನಾನೇ."

ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದು ಬಂದಳು. ಅವನನ್ನು ಬೂಟಿನಿಂದ ತಲೆಯವರೆಗೆ ನೋಡಿದಳು.

"ಹಂಗಾದ್ರೆ ನಿಮ್ತಾವ ಸುಳ್ಳು ದಕ್ಕಲ್ಲ ಬಿಡ್ರಿ ಮೇಷ್ಟ್ರೇ. ನಾನು ಯಲ್ಲಕ್ಕ. ನೀವು ಬರ್ದಿದ್ದು ನಮ್ ಯಜಮಾನ್ರನ್ನ. ಇವ್ನು ನನ್ ತಮ್ಮ, ಮಂಜಣ್ಣ. ಹೋದ ಮಳೆಗಾಲ್ದಾಗೆ ಅವ್ರು ಆ ನೆತ್ತಿಬಂಡೆಯಿಂದ ಜಾರಿದ್ರು. ಮತ್ತೆ ಏಳ್ಲಿಲ್ಲ."

"ತೀರಿಕೊಂಡ್ರಾ?"

"ಪುಸ್ತಕದಾಗೆ ಇನ್ನೂ ಬದ್ಕೇ ಅವ್ರೆ." ಅವಳು ನಗಲಿಲ್ಲ. "ಜನ ಬಂದು ಚಿತ್ತಪ್ಪ ಎಲ್ಲಿ ಅಂತಾರೆ. ಇಲ್ಲ ಅಂದ್ರೆ ಹಂಗೇ ಇಳ್ಕೊಂಡು ಹೋಗ್ತಾರೆ, ಮಜ್ಜಿಗೇನೂ ಮುಟ್ಟಲ್ಲ. ಅವ್ರಿಲ್ದೆ ಹತ್ಬಾರ್ದು ಅಂತ ನೀವೇ ಬರ್ದಿದೀರಲ್ಲ. ಅದ್ಕೇ ಇವ್ನಿಗೆ ರುಮಾಲು ಸುತ್ತಿದೆ."

ಪರಮೇಶ ಲೋಟ ತಿರುಗಿಸುತ್ತ ಕುಳಿತ.

"ಅವ್ರು ಬದ್ಕಿದ್ದಾಗ ಒಂದಿನ ಅವ್ರ ಹೆಸ್ರು ಬಾಯಾಗೆ ತಂದೋಳಲ್ಲ ನಾನು. ಗಂಡನ ಹೆಸ್ರು ಹೇಳ್ತಾರೇನ್ರಿ? ಈಗ ತಮ್ಮನ್ನ ಅದೇ ಹೆಸ್ರು ಹಿಡ್ದು ಕೂಗ್ತೀನಿ. ನಾಲ್ಗೆ ಸುಡ್ತೈತೆ. ಆದ್ರೂ ಕೂಗ್ತೀನಿ. ತಿದ್ದಬ್ಯಾಡ್ರಿ ಮೇಷ್ಟ್ರೇ. ಆ ಸಾಲು ಹಂಗೇ ಇರ್ಲಿ."

ಅವಳು ಕೊಡ ಎತ್ತಿಕೊಂಡು ಚಪ್ಪರದ ಹಿಂದಕ್ಕೆ ಹೋದದ್ದೇ ಮಂಜಣ್ಣ ಕುಕ್ಕರುಗಾಲಿನಲ್ಲಿ ಹತ್ತಿರ ಸರಿದ.

"ತೆಗ್ದುಬಿಡ್ರಿ ಸಾರ್," ಎಂದು ಪಿಸುಗುಟ್ಟಿದ. "ನಾನು ಲಾರಿ ಹತ್ತಿದೋನು, ಬಂಡೆ ಹತ್ತಿದೋನಲ್ಲ. ನಡುಬಂಡೆಗೆ ಹೋದ್ರೆ ಕಾಲು ನನ್ ಮಾತು ಕೇಳಲ್ಲ. ಒಂದಿನ ಬೀಳ್ತೀನಿ. ಬಿದ್ರೂ ಚಿತ್ತಪ್ಪ ಬಿದ್ದ ಅಂತಾರೆ ನೋಡ್ರಿ. ಮಂಜಣ್ಣ ಬಿದ್ದ ಅನ್ನಲ್ಲ."

"ಅಕ್ಕನಿಗೆ ಹೇಳು."

"ರುಮಾಲು ಸುತ್ತಿ ಒಂದು ಗಳಿಗೆ ನನ್ ಮುಖಾನೇ ನೋಡ್ತಾಳೆ ಸಾರ್. ಏನ್ ಹೇಳ್ಲಿ?"

ಜೇಬಿನಲ್ಲಿ ಫೋನು ಅಲುಗಿತು. ಪ್ರಕಾಶಕರು.

"ಏನಾದ್ರೂ ಬದಲಾವಣೆ ಇದೆಯಾ ಸಾರ್? ಅಚ್ಚಿಗೆ ಹೋಗೋದೊಂದೇ ಬಾಕಿ."

"ನೋಡ್ತಾ ಇದೀನಿ."

"ಇಲ್ಲಾಂದ್ರೆ ಇದ್ದ ಹಾಗೇ ಬಿಡೋಣ."

"ನೋಡಿ ಹೇಳ್ತೀನಿ."

ಕೊನೆಗೂ ಒಂದು ತಪ್ಪು ಸಿಕ್ಕಿತ್ತು. ಒಬ್ಬ ಮನುಷ್ಯ ಸತ್ತಿದ್ದ. ಪರಮೇಶನಿಗೆ ಮೊದಲು ಆದದ್ದು ಸಮಾಧಾನ. ಹಿಂದೆಯೇ ನಾಚಿಕೆ ಬರುತ್ತದೆಂದು ಕಾದ. ಬರಲಿಲ್ಲ. ‘ಮಾರ್ಗದರ್ಶಕರಿಲ್ಲದ ಕಾರಣ ನೆತ್ತಿಬಂಡೆಯ ದಾರಿ ಮುಚ್ಚಿದೆ’ ಎಂಬ ವಾಕ್ಯ ಅದಾಗಲೇ ತಲೆಯಲ್ಲಿ ಸಿದ್ಧವಾಗಿತ್ತು. ಚೆನ್ನಾಗಿತ್ತು. ಅದರಲ್ಲಿ ಯಲ್ಲಕ್ಕ ಇರಲಿಲ್ಲ, ಮಂಜಣ್ಣನೂ ಇರಲಿಲ್ಲ.

ಅಷ್ಟರಲ್ಲಿ ಕೆಳಗಿನ ತಿರುವಿನಿಂದ ನಗು ಕೇಳಿಸಿತು. ದಾವಣಗೆರೆ ಕಡೆಯ ಇಬ್ಬರು ಹುಡುಗಿಯರು ಏದುಸಿರು ಬಿಡುತ್ತ ಬಂದರು. ಒಬ್ಬಳ ಕೈಯಲ್ಲಿ ಪುಸ್ತಕ.

"ಚಿತ್ತಪ್ಪ ಅವ್ರೇ ಅಲ್ವಾ? ಅಯ್ಯೋ ರಂಜಿತಾ, ಬರೆದ ಹಾಗೇ ಇದಾರೆ ನೋಡೇ!"

"ಮಾತಾಡಲ್ವಂತೆ ದೀಪಾ, ಸುಮ್ನಿರು. ಫೋಟೋ ತೆಗಿ."

ಮಂಜಣ್ಣ ಎದ್ದು ನಿಂತಿದ್ದ. ಯಲ್ಲಕ್ಕ ಕೊಡ ಸೊಂಟದಲ್ಲಿಟ್ಟುಕೊಂಡು ಮರಳಿ ಬಂದು ಪರಮೇಶನನ್ನೇ ನೋಡುತ್ತಿದ್ದಳು. ಮಂಜಣ್ಣನೂ ನೋಡುತ್ತಿದ್ದ. ಈಗ ಹೇಳಬೇಕಿತ್ತು. ಇವನು ಅವನಲ್ಲ, ಹತ್ತಬೇಡಿ. ಇಷ್ಟೇ.

ಪರಮೇಶ ಬಾಯಿ ತೆರೆದ.

"ಅವರ ಹೆಜ್ಜೆ ನೋಡಿಕೊಂಡೇ ಹತ್ತಬೇಕು," ಎಂದ.

"ಅಂಕಲ್‌ಗೆ ಪುಸ್ತಕ ಬಾಯಿಪಾಠ!" ರಂಜಿತಾ ನಕ್ಕಳು.

ಮಂಜಣ್ಣ ಚಪ್ಪರದ ಪಕ್ಕದಲ್ಲೇ ಎದ್ದ ನೆತ್ತಿಬಂಡೆಗೆ ಬರಿಗಾಲಲ್ಲಿ ಕಾಲಿಟ್ಟ. ಮೊದಲ ಕೆಲವು ಹೆಜ್ಜೆ ಸಲೀಸಾಗಿ ಹತ್ತಿದ. ನಡುವೆ ಪಾದ ಊರುವಷ್ಟೇ ಅಗಲದ ಒಂದು ಮೆಟ್ಟು, ಅಲ್ಲಿ ನಿಂತ. ನಿಂತವನು ಹಾಗೇ ಉಳಿದ. ಕಾಲು ತಟತಟ ಅದುರತೊಡಗಿತು. ಅದುರಿದಷ್ಟೂ ಸಣ್ಣ ಕಲ್ಲುಪುಡಿ ಜರಜರನೆ ಉದುರಿತು.

"ಕಾಯ್ತಾ ಇದಾರೆ ಅನ್ಸುತ್ತೆ," ಎಂದಳು ದೀಪಾ.

"ಚಿತ್ತಪ್ಪ!" ಯಲ್ಲಕ್ಕ ಕೂಗಿದಳು. "ಚಿತ್ತಪ್ಪ, ಬಲಗೈ ಮ್ಯಾಕೆ ಹಾಕು!" ಮೂರನೆಯ ಸಲ ಕೂಗುವಾಗ ಅವಳ ದನಿ ಒಡೆಯಿತು. ಮೇಲಿನವನು ತಿರುಗಲಿಲ್ಲ.

ಪರಮೇಶ ಹತ್ತಿದ. ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಬೂಟು ಜಾರಿತು, ಉಗುರು ಕಿತ್ತುಹೋಯಿತು, ಆದರೂ ಮೆಟ್ಟು ಮುಟ್ಟಿದ. ಮಂಜಣ್ಣನ ಬೆವರಿನ ವಾಸನೆ ಮೂಗಿಗೆ ಹೊಡೆಯಿತು.

"ನನ್ನ ಹೆಗಲು ಹಿಡ್ಕೊಂಡು ಇಳಿ, ಮಂಜಣ್ಣ."

ಹೆಸರು ಕೇಳಿದ್ದೇ ಅವನ ಮೈ ಸಡಿಲಗೊಂಡಿತು. ಹೆಗಲು, ಸೊಂಟ, ತೊಡೆ ತಬ್ಬಿಕೊಳ್ಳುತ್ತ ಪರಮೇಶನ ಮೈಮೇಲಿಂದಲೇ ಇಳಿದುಹೋದ. ಕೆಳಗೆ ನೆಲ ಮುಟ್ಟಿದ ಸದ್ದು. ಆಮೇಲೆ ಅಳುವೋ ನಗುವೋ ತಿಳಿಯದ ದನಿ: "ನಾನು ಮಂಜಣ್ಣ ಕಣ್ರವ್ವ. ಮಂಜಣ್ಣ!"

ಈಗ ಮೆಟ್ಟಿನ ಮೇಲೆ ಪರಮೇಶನೊಬ್ಬನೇ. ಮುಂದಿನ ಹೆಜ್ಜೆ ಎಲ್ಲಿ? ಹಿಂದೊಮ್ಮೆ ಹತ್ತಿದ್ದಾಗ ಅವನು ಬಂಡೆಯನ್ನು ನೋಡಿಯೇ ಇರಲಿಲ್ಲ. ಮುಂದಿನವನ ಪಾದವನ್ನಷ್ಟೇ ನೋಡಿದ್ದ. ಇಳಿಯಲು ಕಾಲು ಚಾಚಿದ. ಕಾಲಿಗೆ ಏನೂ ಸಿಗಲಿಲ್ಲ.

"ಹಾಗಾದ್ರೆ ಚಿತ್ತಪ್ಪ ಯಾರು?" ದೀಪಾಳ ದನಿ.

"ಇನ್ಯಾರು, ಆ ಅಂಕಲ್ಲೇ! ಅದ್ಕೇ ಎಲ್ಲ ಬಾಯಿಪಾಠ ಇತ್ತು."

ಯಲ್ಲಕ್ಕ ಕೊಡ ಕೆಳಗಿಟ್ಟಳು. ಆಮೇಲೆ ಕೂಗಿದಳು. ಈ ಸಲ ದನಿ ಒಡೆಯಲಿಲ್ಲ. ಎದುರಿಗೆ ನಿಂತವರನ್ನು ಕರೆದಷ್ಟು ಮೆತ್ತಗಿತ್ತು.

"ಚಿತ್ತಪ್ಪ, ಹೆಜ್ಜೆ ತೋರಿಸ್ರಿ. ಹುಡ್ಗೀರು ಬರ್ತಾವ್ರೆ."

ಬೇಡ, ಬರಬೇಡಿ ಎನ್ನಬೇಕೆಂದುಕೊಂಡ. ಕೆನ್ನೆ ಬಂಡೆಗೆ ಒತ್ತಿಕೊಂಡಿತ್ತು. ಬಾಯಿಂದ ಬಂದದ್ದು "ಓ" ಎಂಬ ಸದ್ದು.

ಕಣ್ಣೆದುರಿಗೆ ಗೇಣಗಲ ಕಪ್ಪು ಕಲ್ಲು. ಮತ್ತೇನಿಲ್ಲ. ಕೆಳಗಿನಿಂದ ಉಗುರು ಕೆರೆಯುವ ಸದ್ದು ಮೇಲೇರುತ್ತ ಬಂತು. ಯಾರದೋ ಬೆರಳುಗಳು ಅವನ ಬೂಟಿನ ಹಿಮ್ಮಡಿಯನ್ನು ತಡವಿ ನೋಡಿದವು. ಅದೂ ಬಂಡೆಯೇ ಎಂದು ತಿಳಿದು ಬಲವಾಗಿ ಹಿಡಿದುಕೊಂಡವು.