ಲೂಡಿ ಮೇ ಬಿಟ್ಟುಕೊಟ್ಟ ಗಂಟೆ

ಕೋರ್ಟು ವರ ಕೊಟ್ಟರೂ ಕೌಂಟಿಯ ಪೂಜಾರಿ ಬಾಗಿಲು ತೆಗೆಯ. ಗಾದೆ ಕೆಡಿಸಿದವನು ನಾನು, ಶಾಲೆ ಕೆಡಿಸಿದವರು ಅವರು. ಕತೆ ಮಾತ್ರ ನಡೆದದ್ದು ನಡೆದ ಹಾಗೆ.

ಹೋರೇಸ್ ಅಂತ್ಯಕ್ರಿಯೆಯ ಅಚ್ಚಾದ ಕಾರ್ಯಕ್ರಮ ಪಟ್ಟಿಯನ್ನು ಮುದ್ದೆ ಮಾಡಿ ಚರ್ಚಿನ ನೆಲಕ್ಕೆಸೆದ. ಅಕ್ಕ ಲೂಡಿ ಮೇ ತೆರೆದ ಶವಪೆಟ್ಟಿಗೆಯಲ್ಲಿ, ಕೈಗೆ ಬಿಳಿ ಗವಸು ತೊಟ್ಟು ಮಲಗಿದ್ದಳು.

"ವರ್ಲೀನ್, ಇದೇನೇ? 'ಗಂಟೆಯನ್ನು ಶಾಲಾ ಮಂಡಳಿಗೆ ಒಪ್ಪಿಸುವವರು: ತಮ್ಮ ಹೋರೇಸ್.' ನಿಜವಾಗಿ ಅಚ್ಚು ಹಾಕಿಸಿಬಿಟ್ಟೆಯಾ?"

"ಅಮ್ಮ ನಿನ್ನ ಕೈಲಿ ಆಣೆ ಇಡಿಸಿಕೊಂಡಳಲ್ಲ, ಮಾವ," ಎಂದಳು ಲೂಡಿ ಮೇಯ ಮಗಳು.

"ಸಾಯೋಳ ಮುಂದೆ ಇಲ್ಲ ಅನ್ನೋಕಾಗುತ್ತಾ? ಮೂರು ದಿನದಿಂದ ಅನ್ನ ಇಳಿದಿಲ್ಲ ನಂಗೆ. ಬಾಗಿಲು ಹಾಕಿದವರ ಕೈಗೇ ಗಂಟೆ."

"ಅನ್ನ ಇಳಿದಿಲ್ಲ ಅಂತೀಯ, ನಿನ್ನೆ ಕರಿದ ಕೋಳಿ ನಾಲ್ಕು ತುಂಡು ಇಳೀತು."

"ಅದು ಕೋಪಕ್ಕೆ ತಿಂದಿದ್ದು."

*

ಬಾಗಿಲು ಹಾಕಿದ ಆ ಸೆಪ್ಟೆಂಬರಿನಲ್ಲಿ ಲೂಡಿ ಮೇಗೆ ಒಂಬತ್ತು, ಹೋರೇಸನಿಗೆ ಆರು. ಅವನ ಮೊದಲ ದಿನ, ಕಾಲಿಗೆ ಹೊಸ ಬೂಟು. ಶಾಲೆಯ ಬಾಗಿಲಿಗೆ ಸರಪಳಿ. ಕರಿಯ ಮಕ್ಕಳನ್ನು ಬಿಳಿಯರ ಪಕ್ಕ ಕೂರಿಸಿ ಎಂದು ಕೋರ್ಟು ಹೇಳಿದ್ದಕ್ಕೆ, ಕೌಂಟಿಯನ್ನು, ಅಂದರೆ ಜಿಲ್ಲೆಯನ್ನು, ಆಳುವ ಬಿಳಿಯರು ಸರ್ಕಾರಿ ಶಾಲೆಗಳನ್ನೆಲ್ಲ ಮುಚ್ಚಿ, ತಮ್ಮ ಮಕ್ಕಳಿಗೆ ಖಾಸಗಿ ಶಾಲೆ ಕಟ್ಟಿಕೊಂಡಿದ್ದರು.

ರಜೆಗೆಂದು ಮನೆಗೊಯ್ದಿದ್ದ ಶಾಲೆಯ ಕೈಗಂಟೆಯನ್ನು ಟೀಚರ್ ಮಿಸ್ ಗೇನ್ಸ್ ಚೀಲದಿಂದ ತೆಗೆದು ಲೂಡಿ ಮೇ ಕೈಗಿಟ್ಟರು. "ಬಾಗಿಲು ತೆಗೆದ ದಿನ ನೀನೇ ಬಾರಿಸು, ಮಗಳೇ."

ತೆಗೆದದ್ದು ಐದು ವರ್ಷಕ್ಕೆ. ಅಷ್ಟರಲ್ಲಿ ಹೊಲದ ಕೂಲಿಯಲ್ಲಿ ಹೊಗೆಸೊಪ್ಪಿನ ಅಂಟು ಅವಳ ಬೆರಳಿಗೆ ಮೆತ್ತಿತ್ತು. ಸಣ್ಣ ಮಕ್ಕಳ ಬೆಂಚಿನಡಿ ಮೊಣಕಾಲು ಹಿಡಿಸಲಿಲ್ಲ. ಒಂದೇ ದಿನ ಹೋದಳು, ಗಂಟೆ ಬಾರಿಸದೆ ಬಂದಳು. ಮುಂದೆ ಅದೇ ಶಾಲೆಯ ನೆಲವನ್ನು ಮೂವತ್ತೊಂದು ವರ್ಷ ಒರೆಸಿದಳು.

*

ಚರ್ಚಿನಲ್ಲಿ ಶಾಲಾ ಮಂಡಳಿಯ ಅಧ್ಯಕ್ಷ ಡಿಲ್ಲರ್ಡ್ ಗಂಟಲು ಸರಿಪಡಿಸಿಕೊಂಡ. ಅವನ ಮಾತು ಬಿಸಿ ಗೆಣಸು ಬಾಯಿಗಿಟ್ಟುಕೊಂಡವನದು: "ಅದು ಒಂದು... ಹ್ಞಾಂ... ದುರದೃಷ್ಟಕರ ಅವಧಿ. ಶಾಲೆಗಳು... ಮುಚ್ಚಿಹೋದವು."

"ಗಾಳಿಗೆ ಮುಚ್ಚಿಕೊಂಡವೇನೋ," ಎಂದಳು ಹಿಂದಿನ ಸಾಲಿನ ಮುದುಕಿಯೊಬ್ಬಳು, ಬೀಸಣಿಗೆ ನಿಲ್ಲಿಸದೆ.

ಡಿಲ್ಲರ್ಡ್ ಲೂಡಿ ಮೇ ಹೆಸರಿನ, ಶಾಲೆ ಮುಗಿಸಿದಳೆಂಬ ಗೌರವ ಪದವಿಪತ್ರವನ್ನು ಪೆಟ್ಟಿಗೆಯ ಅಂಚಿಗೆ ಒರಗಿಸಿದ. ಸತ್ತವಳು ಪಾಸು. ಗಂಟೆಗಾಗಿ ಹೊಸ ಗಾಜಿನ ಕಪಾಟು ತಯಾರಿದೆ, ಅದರೊಂದಿಗೆ ಹಳೆಯದೆಲ್ಲ ಮುಗಿದಂತೆ ಎಂದ.

ಮುಗಿದಂತೆ. ಹೋರೇಸನ ಕತ್ತಿನ ನರ ಉಬ್ಬಿತು. ವರ್ಲೀನ್ ಕಟ್ಟಿಕೊಟ್ಟಿದ್ದ ಗಂಟೆಯ ಡಬ್ಬವನ್ನು ಎತ್ತಿಕೊಂಡ. ಎಸೆಯುತ್ತಾನೆ ಎಂದು ಎಲ್ಲರೂ ಕಾದರು. ಅವನು ಅಕ್ಕನ ಮುಖ ನೋಡಿದ, ಆಣೆ ನೆನೆದ, ಕೊಟ್ಟ.

ಡಿಲ್ಲರ್ಡ್ ಸುತ್ತಿದ್ದ ಬಟ್ಟೆ ಬಿಚ್ಚಿ, ಫೋಟೋದವನ ಕಡೆ ನಕ್ಕು, ಗಂಟೆ ಮೇಲೆತ್ತಿ ಅಲ್ಲಾಡಿಸಿದ. ಸದ್ದಿಲ್ಲ. ಮತ್ತೆ ಅಲ್ಲಾಡಿಸಿದ. ಒಳಗೆ ಇಣುಕಿದ.

"ಇದರ ನಾಲಗೆ ಎಲ್ಲಿ?"

"ಗಂಟೆ ಕೊಡಿ ಅಂದಿದ್ದಳು ಅಮ್ಮ," ಎಂದಳು ವರ್ಲೀನ್. "ಸದ್ದು ಕೊಡಿ ಅಂದಿರಲಿಲ್ಲ."

ಹೋರೇಸ್ ಪೆಟ್ಟಿಗೆಯ ಮೇಲೆ ಬಾಗಿದ. ಬಿಳಿ ಗವಸಿನ ಮುಷ್ಟಿಯ ಸಂದಿಯಿಂದ ಕಪ್ಪು ಕಬ್ಬಿಣದ ತುದಿ ಕಾಣುತ್ತಿತ್ತು.

"ನಿನಗೆ ಗೊತ್ತಿತ್ತಾ?"

"ನಿಂಗೆ ಮಾತ್ರ ಹೇಳಬೇಡ ಅಂದಿದ್ದಳು. ನಿನ್ನ ಮುಖ ಗುಟ್ಟು ಇಟ್ಟುಕೊಳ್ಳಲ್ಲವಂತೆ. ನಿನ್ನ ಸಿಟ್ಟು ನೋಡಿಯೇ ಅವರು ಗಂಟೆ ಪೂರ್ತಿ ಕೊಡ್ತಿದ್ದೀವಿ ಅಂತ ನಂಬಬೇಕಿತ್ತಂತೆ."

"ಮೂರು ದಿನ ಕಣೇ," ಎಂದು ಹೋರೇಸ್ ಅಕ್ಕನಿಗೆ ಹೇಳಿದ. "ಮೂರು ದಿನ ನನ್ನ ಬೇಯಿಸಿದೆಯಲ್ಲೇ, ಲೂಡಿ."

ಪೆಟ್ಟಿಗೆಯ ಅಂಚು ಹಿಡಿದು ನಗತೊಡಗಿದ. ಪದವಿಪತ್ರ ಜಾರಿ ನೆಲಕ್ಕೆ ಬಿತ್ತು, ಯಾರೂ ಎತ್ತಲಿಲ್ಲ. ಒಂದೊಂದೇ ಸಾಲು ನಗುತ್ತ ಬಂತು, ಹೋರೇಸನ ನಗು ಎಲ್ಲಕ್ಕಿಂತ ಮೇಲೆ. ಮುಚ್ಚಳ ಇಳಿಯಿತು. ಡಿಲ್ಲರ್ಡ್ ಇನ್ನೂ ಗಂಟೆ ಅಲ್ಲಾಡಿಸುತ್ತಲೇ ಇದ್ದ.